ವಾರಸುದಾರರಿಲ್ಲದ ಫುಟ್‌ಬಾಲ್

ಫುಟ್‌ಬಾಲ್ ಕ್ಲಬ್ ಎಂದರೆ ಹನ್ನೊಂದು ಜನರ ತಂಡ ಮಾತ್ರವಲ್ಲ. ಆಟಗಾರರು ನಾಲ್ಕೈದು ವರ್ಷಕ್ಕೆ ಬದಲಾಗುತ್ತಾರೆ, ತರಬೇತುದಾರರು ಅದಕ್ಕೂ ಬೇಗ. ಅವರೆಲ್ಲ ಬಂದುಹೋದ ಮೇಲೂ ಹೆಸರು, ಜೆರ್ಸಿಯ ಬಣ್ಣ, ಲಾಂಛನ, ತವರು ಮೈದಾನ ಮತ್ತು ಆ ಮೈದಾನದ ಸುತ್ತಲಿನ ಬೀದಿಗಳು ಉಳಿಯುತ್ತವೆ. ಅಪ್ಪನ ಹೆಗಲ ಮೇಲೆ ಕುಳಿತು ಮೊದಲ ಪಂದ್ಯ ನೋಡಿದ ಮಗು ಮುಂದೊಂದು ದಿನ ತನ್ನ ಮಗುವನ್ನೂ ಅದೇ ಗ್ಯಾಲರಿಗೆ ಕರೆತರುತ್ತದೆ. ಕ್ಲಬ್ಬಿನ ಪರಂಪರೆ ಎನ್ನುವುದು ಇದನ್ನೇ. ಆ ಪರಂಪರೆ ಪಂದ್ಯದ ದಿನ ಕಿವಿಗೆ ಬಿದ್ದಾಗ ಅದನ್ನು ಮೈದಾನದ ವಾತಾವರಣ ಎನ್ನುತ್ತಾರೆ.

ಇದು ತುಳುನಾಡಿನವರಿಗೆ ಹೊಸ ಮಾತಲ್ಲ. ಬಂಟ್ವಾಳ–ಬೆಳ್ತಂಗಡಿ ರಸ್ತೆಯಲ್ಲಿರುವ ಪುಂಜಾಲಕಟ್ಟೆಯ ಸ್ವಸ್ತಿಕ್ ಫ್ರೆಂಡ್ಸ್ ಕ್ಲಬ್ಬಿನ ಹೆಸರು ಹೇಳಿದರೆ ಆಟದ ಜತೆಗೆ ಅದು ನಡೆಸಿದ ಸಾಮೂಹಿಕ ವಿವಾಹಗಳೂ ನೆನಪಾಗುತ್ತವೆ. ವೇಣೂರು, ಹೊಕ್ಕಾಡಿಗೋಳಿ, ಮೂಡುಬಿದಿರೆಯ ಕಂಬಳಗಳಲ್ಲಿ ಗೆದ್ದ ಕೋಣಗಳ ಹೆಸರು ಕರೆಯುವಾಗ ಊರಿನ, ಮನೆಯ ಹೆಸರು ಮುಂದೆ ಬರುತ್ತದೆ. ಯಾವ ಊರಿಗೂ ಸೇರದ ಕೋಣಗಳು ಕರೆಗಿಳಿದರೆ ಯಾರು ಯಾರ ಪರವಾಗಿ ಕೂಗಬೇಕು? ಜಗತ್ತಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಅಭಿಮಾನಿಗಳು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿರುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬೆಂಗಳೂರೇ ಉದಾಹರಣೆ. ಅಲ್ಲಿ ಪರಂಪರೆ ಇತ್ತು, ಅದೂ ಸಣ್ಣದಲ್ಲ. ಅದನ್ನು ಹೊತ್ತು ಮುಂದೆ ಸಾಗಬೇಕಿದ್ದ ಕ್ಲಬ್‌ಗಳೇ ಒಂದೊಂದಾಗಿ ಹಿಂದೆ ಸರಿದವು.

ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಕಟ್ಟಿದರು. ಫುಟ್‌ಬಾಲ್ ಬಂದದ್ದು ಆ ದಂಡಿನ ಸೈನಿಕರ ಜತೆ. ಪರೇಡ್ ಮೈದಾನಗಳಲ್ಲಿ ಸೋಲ್ಜರುಗಳು ಆಡುವುದನ್ನು ನೋಡಿದ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲೇ ಆಟ ಕಲಿತರು. ಈ ಬೀದಿಗಳ ಮಾತು ಹೆಚ್ಚಾಗಿ ತಮಿಳು, ಉರ್ದು, ಇಂಗ್ಲಿಷ್. ಬಹುಶಃ ಅದಕ್ಕೇ ಇಲ್ಲಿನ ಫುಟ್‌ಬಾಲ್ ಕನ್ನಡದ ಬರವಣಿಗೆಯೊಳಗೆ ಬಂದದ್ದು ತೀರಾ ಕಡಿಮೆ. ಪೇಟೆಯ ಬೆಂಗಳೂರಿಗೂ ದಂಡಿನ ಬೆಂಗಳೂರಿಗೂ ನಡುವೆ ಇದ್ದ ದೂರ ಆಟದ ನೆನಪಿನಲ್ಲೂ ಹಾಗೇ ಉಳಿದಿದೆ. ಕ್ರಿಕೆಟಿಗರ ಹೆಸರನ್ನು ಬಾಯಿಪಾಠ ಒಪ್ಪಿಸುವ ನಾಡಿನಲ್ಲಿ ಅಹ್ಮದ್ ಖಾನ್ ಯಾರೆಂದು ಕೇಳಿದರೆ ಉತ್ತರ ಹೇಳುವವರು ವಿರಳ.

ಮುಂಬೈಯ ರೋವರ್ಸ್ ಕಪ್ ಟೂರ್ನಿ ಆರಂಭವಾದದ್ದು 1891ರಲ್ಲಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಕಪ್ ಬ್ರಿಟಿಷ್ ಸೈನ್ಯದ ತಂಡಗಳ ಕೈಯಿಂದ ಆಚೆಗೆ ಹೋಗಲಿಲ್ಲ. 1937ರಲ್ಲಿ ಅದನ್ನು ಕಸಿದುಕೊಂಡ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಅದೇ ತಂಡ ಮತ್ತೆ ಗೆದ್ದಿತು, 1948ರಲ್ಲಿ ಇನ್ನೊಮ್ಮೆ. ಕೋಲ್ಕತ್ತದ ಮೋಹನ್ ಬಗಾನ್ 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಬಂಗಾಳ ಇಂದಿಗೂ ಹಬ್ಬದಂತೆ ನೆನೆಯುತ್ತದೆ. ಬೆಂಗಳೂರಿನ ಗೆಲುವಿಗೆ ಅಂಥ ಒಂದು ದಿನ ಇಲ್ಲ. ಎರಡು ಊರುಗಳ ನಡುವಿನ ವ್ಯತ್ಯಾಸ ಇರುವುದು ಇಲ್ಲೇ. ಮೋಹನ್ ಬಗಾನ್ 1889ರಿಂದ ಇಂದಿನವರೆಗೆ ಉಳಿದು ತನ್ನ ಕತೆಯನ್ನು ತಾನೇ ಹೇಳಿಕೊಂಡು ಬಂತು. ಬೆಂಗಳೂರು ಮುಸ್ಲಿಮ್ಸ್ ಕತೆಯನ್ನು ದೇಶಕ್ಕೆ ಹೇಳುವ ಬಾಯಿ ಉಳಿಯಲಿಲ್ಲ.

1946–47ರಲ್ಲಿ ಮೈಸೂರು ತಂಡ ಬೆಂಗಳೂರಿನಲ್ಲೇ ಬಂಗಾಳವನ್ನು ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 1948ರ ಜುಲೈ 31ರಂದು ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ಲಂಡನ್ನಿನ ಸಮೀಪದ ಇಲ್ಫರ್ಡಿನಲ್ಲಿ ಫ್ರಾನ್ಸ್ ವಿರುದ್ಧ ಆಡಿತು. ಭಾರತದ ಬಹುಪಾಲು ಆಟಗಾರರ ಕಾಲಲ್ಲಿ ಬೂಟುಗಳಿರಲಿಲ್ಲ. ಪಂದ್ಯ 1–2ರಲ್ಲಿ ಕೈತಪ್ಪಿತು. ಎರಡು ಪೆನಾಲ್ಟಿಗಳು ಗೋಲಾಗದೆ ಹೋದವು. ಭಾರತದ ಆ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಗೋಲ್‌ಕೀಪರ್ ವರದರಾಜ್ ಕೂಡ ಇದ್ದರು.

ಬೆಂಗಳೂರು ಕ್ರೆಸೆಂಟ್‌ನಲ್ಲಿ ಆಡುತ್ತಿದ್ದ ಅಹ್ಮದ್ ಖಾನ್ ಅವರನ್ನು 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆಸಿಕೊಂಡಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜತೆ ಅವರು ಸೇರಿದ ಮುಂಚೂಣಿಯನ್ನು ಬಂಗಾಳದ ಜನ ಪಂಚಪಾಂಡವರು ಎಂದೇ ಕರೆದರು. 1949, 1950, 1951, ಮೂರೂ ವರ್ಷ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಅಹ್ಮದ್ ಖಾನ್ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 1–10ರಿಂದ ಸೋತಾಗ ಆ ಒಂದು ಗೋಲೂ ಅವರದೇ. ಆನಂತರವೂ ಕೆಂಪಯ್ಯ, ಅರುಮೈನಾಯಗಂ ಮೊದಲಾದವರು ಅದೇ ಹಾದಿ ಹಿಡಿದು ಕೋಲ್ಕತ್ತಕ್ಕೆ ಹೋದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ. ಆಟಗಾರರು ಬೆಳೆದದ್ದು ಬೆಂಗಳೂರಿನ ಬೀದಿಯಲ್ಲಿ, ಅವರ ಕೀರ್ತಿ ಜಮೆಯಾದದ್ದು ಕೋಲ್ಕತ್ತದ ಕ್ಲಬ್‌ಗಳ ಖಾತೆಗೆ. ಬೆಂಗಳೂರಿನ ನಷ್ಟ ಅಂದೇ ಆರಂಭವಾಗಿತ್ತು, ಆದರೆ ಆಗ ಅದು ನಷ್ಟವೆಂದು ಯಾರಿಗೂ ಅನ್ನಿಸಲಿಲ್ಲ. ಹೋದವರ ಜಾಗಕ್ಕೆ ಅದೇ ಬೀದಿಯಿಂದ ಇನ್ನೊಬ್ಬ ಹುಡುಗ ಬರುತ್ತಿದ್ದ.

ಗೌತಮಪುರದ ನಡುವೆ ಬ್ರೆಜಿಲ್‌ನ ಪೆಲೆಯ ಪ್ರತಿಮೆ ನಿಂತಿದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಸಾಲಿನಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನನ್ನು ನಿಲ್ಲಿಸಿದ ಬಡಾವಣೆ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆ ಬೀದಿಗೆ ಆಟ ಏನಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದಂಡಿನ ಬೀದಿಗಳ ಕಾಲದ ನಂತರದ ಎರಡನೇ ಘಟ್ಟ ಕಾರ್ಖಾನೆಗಳದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್ ಹೀಗೆ ಸರ್ಕಾರಿ ಉದ್ದಿಮೆಗಳು ಬಂದವು. ಪ್ರತಿಭಾವಂತ ಆಟಗಾರನಿಗೆ ಕಾರ್ಖಾನೆಯಲ್ಲಿ ಕಾಯಂ ನೌಕರಿ ಸಿಗುತ್ತಿತ್ತು. ಬೆಳಗ್ಗೆ ಕೆಲಸ, ಸಂಜೆ ಅಭ್ಯಾಸ, ಪಂದ್ಯದ ದಿನ ರಜೆ. ಆಟ ಮುಗಿದ ಮೇಲೂ ಸಂಬಳ ಬರುತ್ತದೆ ಎಂಬ ಧೈರ್ಯ ಬಡ ಮನೆಗಳಿಗೆ ದೊಡ್ಡದು. ಆ ಕಾಲದ ಕಾರ್ಖಾನೆ ತಂಡಕ್ಕೆ ಅಭಿಮಾನಿಗಳನ್ನು ಹೊರಗಿನಿಂದ ಹುಡುಕಿ ತರಬೇಕಾಗಿರಲಿಲ್ಲ. ಪಾಳಿ ಮುಗಿಸಿದ ಕಾರ್ಮಿಕರು, ಟೌನ್‌ಶಿಪ್ಪಿನ ಮಕ್ಕಳು, ಕ್ಯಾಂಟೀನಿನವರು ಎಲ್ಲರೂ ತಮ್ಮ ಪಕ್ಕದ ಮೆಷಿನ್ನಿನವನು ಗೋಲು ಹೊಡೆಯುವುದನ್ನು ನೋಡಲು ಬರುತ್ತಿದ್ದರು. 1967–68 ಮತ್ತು 1968–69ರಲ್ಲಿ ಮೈಸೂರು ರಾಜ್ಯ ಸತತ ಎರಡು ಬಾರಿ ಸಂತೋಷ್ ಟ್ರೋಫಿ ಗೆದ್ದದ್ದು ಈ ಕಾಲದಲ್ಲಿ. 1977ರಲ್ಲಿ ದೇಶದ ಕ್ಲಬ್‌ಗಳಿಗಾಗಿ ಫೆಡರೇಷನ್ ಕಪ್ ಮೊದಲ ಬಾರಿ ನಡೆದಾಗ ಕೇರಳದಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಕಪ್ ಎತ್ತಿದ್ದು ಐಟಿಐ. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ಭಾರತದ ಮೊದಲ ಫೆಡರೇಷನ್ ಕಪ್ ಚಾಂಪಿಯನ್ನರು.

1991ರ ನಂತರ ಈ ವ್ಯವಸ್ಥೆಯ ಬುಡ ಅಲುಗಿತು. ಸರ್ಕಾರಿ ಉದ್ದಿಮೆಗಳಿಗೆ ಖಾಸಗಿ ಪೈಪೋಟಿ ಎದುರಾಯಿತು. ಐಟಿಐ ತಯಾರಿಸುತ್ತಿದ್ದ ದೂರವಾಣಿ ಉಪಕರಣಗಳ ಮಾರುಕಟ್ಟೆಯೇ ಬದಲಾಯಿತು. ನೌಕರರ ಸಂಖ್ಯೆ ಇಳಿಸುವ ಹೊತ್ತಿನಲ್ಲಿ ಕ್ರೀಡಾ ಕೋಟಾದಡಿ ಹೊಸಬರನ್ನು ತೆಗೆದುಕೊಳ್ಳುವವರು ಯಾರು? ನೇಮಕ ನಿಂತಿತು, ಇದ್ದ ಆಟಗಾರರಿಗೆ ವಯಸ್ಸಾಯಿತು, ತಂಡಗಳು ಬಡವಾದವು. ಇದು ಬೆಂಗಳೂರಿನ ಕತೆ ಮಾತ್ರವಲ್ಲ. 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ತಂಡವನ್ನು 2011ರಲ್ಲಿ ಮುಚ್ಚಲಾಯಿತು. 2005–06ರ ಚಾಂಪಿಯನ್ ಮಹೀಂದ್ರ ಯುನೈಟೆಡ್ 2010ರಲ್ಲೇ ಬಾಗಿಲು ಹಾಕಿತ್ತು. ಬೆಂಗಳೂರಿನ ಎಚ್‌ಎಎಲ್ 2010–11 ಮತ್ತು 2011–12ರಲ್ಲಿ ಐ–ಲೀಗಿನಲ್ಲಿ ಆಡಿ ಕೆಳಗಿಳಿಯಿತು. ದೇಶದ ಉನ್ನತ ಲೀಗಿನಲ್ಲಿ ಬೆಂಗಳೂರಿನ ಕಾರ್ಖಾನೆ ತಂಡವೊಂದು ಆಡಿದ್ದು ಅದೇ ಕೊನೆ.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಷ್ಟ ಬೇರೆ ದಾರಿಯಿಂದ ಬಂತು. 1989ರ ಏಪ್ರಿಲ್‌ನಲ್ಲಿ ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿದ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಮಂದಿ ಪ್ರಾಣ ಕಳೆದುಕೊಂಡರು. ತನಿಖೆ ನಡೆಸಿದ ಟೇಲರ್ ವರದಿಯ ಶಿಫಾರಸಿನಂತೆ ದೊಡ್ಡ ಕ್ಲಬ್‌ಗಳ ನಿಂತು ನೋಡುವ ಗ್ಯಾಲರಿಗಳನ್ನು ತೆಗೆದು ಎಲ್ಲೆಡೆ ಕುರ್ಚಿ ಹಾಕಲಾಯಿತು. ಇದು ಆಗಲೇಬೇಕಿದ್ದ ಬದಲಾವಣೆ. ಹಳೆಯ ಗ್ಯಾಲರಿಯ ಕೂಗಾಟವನ್ನು ನೆನೆದು ಮರುಗುವವರು ಅಲ್ಲಿ ಬೇಲಿಗೆ ಒತ್ತಿ ಸತ್ತವರನ್ನೂ ನೆನೆಯಬೇಕು. ಆದರೆ 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿ, ಟಿವಿ ಹಣ ಹರಿದು, ಟಿಕೆಟ್ ಬೆಲೆ ಏರಿದಾಗ ಸುರಕ್ಷತೆಯ ಜತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆಯಿತು. ನಿಂತು ಹಾಡುತ್ತಿದ್ದ ಕೂಲಿಕಾರನ ಜಾಗಕ್ಕೆ ದುಬಾರಿ ಟಿಕೆಟ್ ಕೊಳ್ಳಬಲ್ಲವನು ಬಂದು ಕುಳಿತ. ಆರ್ಸೆನಲ್ 1913ರಿಂದ ಆಡುತ್ತಿದ್ದ ಹೈಬರಿ ಮೈದಾನವನ್ನು 2006ರಲ್ಲಿ ಬಿಟ್ಟಿತು. ಅದರ ಗ್ಯಾಲರಿಗಳು ಇಂದು ವಸತಿ ಸಮುಚ್ಚಯ. ನೀಲಿ ಜೆರ್ಸಿಯ ಕಾರ್ಡಿಫ್ ಸಿಟಿಯನ್ನು ಹೊಸ ಮಾಲೀಕರು 2012ರಲ್ಲಿ ಕೆಂಪಾಗಿಸಿದರು. ಅಭಿಮಾನಿಗಳು ಪಟ್ಟು ಬಿಡದೆ 2015ರಲ್ಲಿ ನೀಲಿಯನ್ನು ಮರಳಿ ತಂದರು. ಲಂಡನ್ನಿನ ವಿಂಬಲ್ಡನ್ ಕ್ಲಬ್ 2003ರಲ್ಲಿ ದೂರದ ಮಿಲ್ಟನ್ ಕೀನ್ಸ್‌ಗೆ ವಲಸೆ ಹೋಯಿತು. ಅದಕ್ಕೂ ಮೊದಲೇ, 2002ರಲ್ಲಿ, ಅದರ ಅಭಿಮಾನಿಗಳು ಎಎಫ್‌ಸಿ ವಿಂಬಲ್ಡನ್ ಎಂಬ ತಮ್ಮದೇ ಕ್ಲಬ್ ಕಟ್ಟಿ ಕೆಳಹಂತದ ಲೀಗಿನಿಂದ ಮೇಲೇರುತ್ತ ಬಂದು, 2020ರಲ್ಲಿ ತಮ್ಮ ಹಳೆಯ ಬೀದಿಯಾದ ಪ್ಲೌ ಲೇನ್‌ಗೆ ಮರಳಿದರು.

ಭಾರತದಲ್ಲಿ 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಫ್ರಾಂಚೈಸಿ ಪದ್ಧತಿ ತಂದಿತು. ಕ್ರಿಕೆಟ್ಟಿನ ಐಪಿಎಲ್ ನೋಡಿದವರಿಗೆ ಇದು ಗೊತ್ತು: ಮೊದಲು ಲೀಗ್, ಆಮೇಲೆ ಊರು, ಕೊನೆಗೆ ತಂಡ. ಇದರಿಂದ ಒಳ್ಳೆಯದೂ ಆಯಿತು. ಆಟಗಾರರಿಗೆ ಹಿಂದೆಂದೂ ಕಾಣದಷ್ಟು ಹಣ ಬಂತು, ಮೈದಾನಗಳು ಸುಧಾರಿಸಿದವು, ಫುಟ್‌ಬಾಲ್ ಮನೆಮನೆಯ ಟಿವಿಗೆ ತಲುಪಿತು. ಆದರೆ ಊರಿನ ಬೇರಿಲ್ಲದ ತಂಡವನ್ನು ಕಿತ್ತು ಬೇರೆಡೆ ನೆಡುವುದು ಸುಲಭ. ಡೆಲ್ಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಮುಚ್ಚಿ ಅದರ ಸ್ಥಾನಕ್ಕೆ ಹೈದರಾಬಾದ್ ಎಫ್‌ಸಿ ಬಂತು. 2025ರಲ್ಲಿ ಆ ಹೈದರಾಬಾದ್ ತಂಡವೇ ದೆಹಲಿಗೆ ಸ್ಥಳಾಂತರಗೊಂಡಿತು. ಒಂದು ಊರಿನಲ್ಲಿ ಹತ್ತು ವರ್ಷವೂ ನಿಲ್ಲದ ತಂಡವನ್ನು ಎರಡು ತಲೆಮಾರು ಪ್ರೀತಿಸುವುದು ಹೇಗೆ?

ಹಳೆಯ ಕ್ಲಬ್‌ಗಳೂ ಈ ಒತ್ತಡದಿಂದ ಪಾರಾಗಲಿಲ್ಲ. 2020ರಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ತಂಡವು ಎಟಿಕೆ ಎಂಬ ಫ್ರಾಂಚೈಸಿಯ ಜತೆ ವಿಲೀನವಾಗಿ ಎಟಿಕೆ ಮೋಹನ್ ಬಗಾನ್ ಆಯಿತು. 131 ವರ್ಷದ ಹೆಸರಿನ ಮುಂದೆ ಆರು ವರ್ಷದ ಹೆಸರು ಬಂದು ಕುಳಿತದ್ದನ್ನು ಅಭಿಮಾನಿಗಳು ಸಹಿಸಲಿಲ್ಲ. ಎಟಿಕೆಯನ್ನು ತೆಗೆಯಿರಿ ಎಂಬ ಕೂಗು ಮೂರು ವರ್ಷ ನಿಲ್ಲಲಿಲ್ಲ. 2023ರಲ್ಲಿ ಆ ಮೂರಕ್ಷರ ಹೋಯಿತು. ಹೆಸರು ಕೇವಲ ಹೆಸರಲ್ಲ ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಸ್ಪಷ್ಟ ನಿದರ್ಶನ ಇಲ್ಲ.

ಬೆಂಗಳೂರಿಗೆ ಹೊಸ ಕಾಲ ಬಂದದ್ದು 2013ರ ಜುಲೈ 20ರಂದು, ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿ ಸ್ಥಾಪಿಸಿದಾಗ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ಮೊದಲ ಋತುವಿನಲ್ಲೇ, 2013–14ರಲ್ಲಿ, ಸುನಿಲ್ ಚೆಟ್ರಿ ನಾಯಕತ್ವದ ತಂಡ ಐ–ಲೀಗ್ ಗೆದ್ದಿತು. ಮುಂದೆ ತವರು ಕಂಠೀರವ ಕ್ರೀಡಾಂಗಣಕ್ಕೆ ಬದಲಾಯಿತು. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 0–1ರಿಂದ ಸೋತಿತು. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. 2018–19ರಲ್ಲಿ ಸೂಪರ್ ಲೀಗ್ ಕೂಡ ಕೈಸೇರಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ತೊಂಬತ್ತು ನಿಮಿಷವೂ ನಿಂತು ಹಾಡುವ ರೂಢಿ ಬೆಳೆಸಿತು. ದೇಶದ ಹೊಸ ಕ್ಲಬ್‌ಗಳಲ್ಲಿ ಇಷ್ಟು ಬೇಗ ಇಷ್ಟು ನಿಜವಾದ ವಾತಾವರಣ ಹುಟ್ಟಿದ ಉದಾಹರಣೆ ಕಡಿಮೆ. ಹಣ ಬಂದಲ್ಲೆಲ್ಲ ಪ್ರೀತಿ ಸಾಯುತ್ತದೆ ಎನ್ನುವವರಿಗೆ ಈ ಗ್ಯಾಲರಿಯೇ ಉತ್ತರ.

ಆದರೂ ಒಂದು ಎಳೆ ಕಡಿದಿದೆ. ಹೊಸ ಕ್ಲಬ್ಬಿನ ಚರಿತ್ರೆ 2013ರಿಂದ ಶುರುವಾಗುತ್ತದೆ. ಅದರ ನೀಲಿ ಜೆರ್ಸಿ ತೊಟ್ಟ ಹುಡುಗನಿಗೆ 1937ರ ರೋವರ್ಸ್ ಕಪ್ಪಾಗಲಿ, 1977ರ ಐಟಿಐ ಆಗಲಿ ತನ್ನ ಅಜ್ಜನ ಆಸ್ತಿ ಎಂದು ಹೇಳಿಕೊಟ್ಟವರಿಲ್ಲ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಹರಡಿಕೊಂಡಿದೆ. ಅಥ್ಲೀಟ್‌ಗಳು ಮತ್ತು ಫುಟ್‌ಬಾಲಿನವರ ನಡುವೆ ಅದೇ ಜಾಗಕ್ಕಾಗಿ ನಡೆದ ತಕರಾರು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಫುಟ್‌ಬಾಲಿಗೆಂದೇ ಕಟ್ಟಿದ ಅಶೋಕನಗರದ ಕ್ರೀಡಾಂಗಣದಲ್ಲಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್ ಪಂದ್ಯಗಳು ಇಂದಿಗೂ ನಡೆಯುತ್ತವೆ. ಅಲ್ಲಿನ ಮೈದಾನಕ್ಕೆ ಈಗ ಕೃತಕ ಹುಲ್ಲು. ಹೆಚ್ಚಿನ ದಿನಗಳಲ್ಲಿ ಗ್ಯಾಲರಿ ಖಾಲಿ.

2020–21 ಮತ್ತು 2021–22ರ ಸೂಪರ್ ಲೀಗ್ ಪಂದ್ಯಗಳು ಕೊರೊನಾ ಕಾರಣದಿಂದ ಗೋವಾದಲ್ಲಿ ಬಹುಪಾಲು ಬಾಗಿಲು ಮುಚ್ಚಿ ನಡೆದಾಗ ಪ್ರೇಕ್ಷಕರಿಲ್ಲದ ಆಟ ಹೇಗಿರುತ್ತದೆ ಎಂಬುದು ಎಲ್ಲರಿಗೂ ಅರಿವಾಯಿತು. ಚೆಂಡಿಗೆ ಕಾಲು ತಾಗುವ ಸದ್ದು, ತರಬೇತುದಾರನ ಕಿರುಚಾಟ, ಉಳಿದದ್ದೆಲ್ಲ ಮೌನ. ಜಗತ್ತಿನ ಹಲವು ಲೀಗ್‌ಗಳ ಪ್ರಸಾರದಲ್ಲಿ ಧ್ವನಿಮುದ್ರಿಸಿಟ್ಟ ಕೂಗನ್ನು ಸೇರಿಸಿ ಆ ಮೌನವನ್ನು ತುಂಬಬೇಕಾಯಿತು. ವಾತಾವರಣ ಆಟಕ್ಕೆ ಹಚ್ಚುವ ಬಣ್ಣವಲ್ಲ, ಆಟದ ಅರ್ಧ ಭಾಗ ಎಂದು ಟಿವಿಯವರೇ ಒಪ್ಪಿಕೊಂಡಂತಾಯಿತು. ಪ್ರೇಕ್ಷಕರು ಮರಳಿದ ಮೇಲೆ ಲೀಗಿಗೇ ಕುತ್ತು ಬಂತು: 2025ರ ಜುಲೈನಲ್ಲಿ ವಾಣಿಜ್ಯ ಒಪ್ಪಂದದ ನವೀಕರಣ ಇತ್ಯರ್ಥವಾಗದೆ ಸೂಪರ್ ಲೀಗಿನ ಹೊಸ ಋತುವನ್ನೇ ತಡೆಹಿಡಿಯಲಾಯಿತು. ಒಂದು ಕಾಗದದ ಅವಧಿ ಮುಗಿದರೆ ದೇಶದ ಅತಿ ದೊಡ್ಡ ಕ್ಲಬ್‌ಗಳು ಆಡಲು ಲೀಗಿಲ್ಲದೆ ನಿಲ್ಲುತ್ತವೆ ಎಂಬುದು ಆಗ ಬಯಲಾಯಿತು.

ಈ ನಷ್ಟಕ್ಕೆ ತಡೆ ಹಾಕಿದ ದೇಶಗಳೂ ಇವೆ. ಜರ್ಮನಿಯಲ್ಲಿ ಕ್ಲಬ್ಬಿನ ಶೇ 50ಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ವಿನಾಯಿತಿ ಪಡೆದ ಕ್ಲಬ್‌ಗಳು ಬೆರಳೆಣಿಕೆಯಷ್ಟು. ಡಾರ್ಟ್‌ಮಂಡ್ ಮೈದಾನದ ದಕ್ಷಿಣ ಗ್ಯಾಲರಿಯಲ್ಲಿ ಇಂದಿಗೂ ಸುಮಾರು 25,000 ಜನ ನಿಂತೇ ಪಂದ್ಯ ನೋಡುತ್ತಾರೆ. ಯುರೋಪಿನ 12 ಶ್ರೀಮಂತ ಕ್ಲಬ್‌ಗಳು 2021ರ ಏಪ್ರಿಲ್‌ನಲ್ಲಿ ಪ್ರತ್ಯೇಕ ಸೂಪರ್ ಲೀಗ್ ಘೋಷಿಸಿದಾಗ ಅಭಿಮಾನಿಗಳು ಬೀದಿಗಿಳಿದರು. ಇಂಗ್ಲೆಂಡಿನ ಆರೂ ಕ್ಲಬ್‌ಗಳು ಎರಡೇ ದಿನದಲ್ಲಿ ಹಿಂದೆ ಸರಿದವು. 2022–23ರಿಂದ ಅಲ್ಲಿ ಕಂಬಿ ಅಳವಡಿಸಿದ ಸುರಕ್ಷಿತ ಜಾಗಗಳಲ್ಲಿ ನಿಂತು ನೋಡುವುದಕ್ಕೆ ಮತ್ತೆ ಅವಕಾಶ ಸಿಕ್ಕಿದೆ. 2025ರಲ್ಲಿ ಅಂಗೀಕಾರಗೊಂಡ ಕಾನೂನು ಕ್ಲಬ್ಬಿನ ಲಾಂಛನ, ಜೆರ್ಸಿಯ ಬಣ್ಣ, ತವರು ಮೈದಾನಗಳನ್ನು ಮಾಲೀಕರು ಮನಸ್ಸಿಗೆ ಬಂದಂತೆ ಬದಲಿಸದ ಹಾಗೆ ಕಾಯುತ್ತದೆ.

ಬೆಂಗಳೂರಿನಲ್ಲಿ ಮಾಡಬೇಕಾದದ್ದು ಇದಕ್ಕಿಂತ ಸರಳ. ಇಲ್ಲಿ ಕ್ಲಬ್ ಉಳಿಸುವ ಮೊದಲು ನೆನಪು ಉಳಿಸಬೇಕಿದೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ಸುದ್ದಿ ಓದಿದ ಅನೇಕರು ಹಿಂದಿನ ಗೆಲುವೂ ಒಂದಿತ್ತೇ ಎಂದು ಅಚ್ಚರಿಪಟ್ಟರು. 1938ರಲ್ಲಿ ಆರಂಭವಾಗಿ ದಶಕಗಳ ಕಾಲ ನಿಂತುಹೋಗಿದ್ದ ಬೆಂಗಳೂರಿನ ಸ್ಟಾಫರ್ಡ್ ಕಪ್ಪನ್ನು ರಾಜ್ಯ ಸಂಸ್ಥೆ ಅದೇ ವರ್ಷ ಮತ್ತೆ ನಡೆಸಿದ್ದು ಸರಿಯಾದ ಹೆಜ್ಜೆ. ಅಶೋಕನಗರದ ಕ್ರೀಡಾಂಗಣದಲ್ಲಿ ರಾಮನ್, ಅಹ್ಮದ್ ಖಾನ್ ಅವರ ಹೆಸರಿನ ಗ್ಯಾಲರಿ, ಹಳೆಯ ಕಪ್‌ಗಳು, ಜೆರ್ಸಿಗಳು, ತಂಡಗಳ ಫೋಟೋಗಳನ್ನು ಇಟ್ಟ ಒಂದು ಕೋಣೆ, ಕನ್ನಡದಲ್ಲಿ ಬರೆದ ಒಂದು ಚರಿತ್ರೆ: ಇವುಗಳಿಗೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಹೊಸ ಕ್ಲಬ್ ಕೂಡ ತನ್ನ ಗೋಡೆಯ ಮೇಲೆ 1937 ಎಂಬ ಇಸವಿಗೆ ಜಾಗ ಕೊಡಬಹುದು. ಅದರಿಂದ ಅದರ ಬೇರು ಆಳವಾಗುತ್ತದೆಯೇ ಹೊರತು ಕೀರ್ತಿ ಕುಂದುವುದಿಲ್ಲ.

ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. 1968–69ರಲ್ಲಿ ಗೆದ್ದ ತಂಡದವರಲ್ಲಿ ಉಳಿದಿರುವವರಿಗೆ ಈಗ ಎಂಬತ್ತರ ಆಸುಪಾಸು ವಯಸ್ಸು, ಐಟಿಐ ಪರ ಆಡಿದವರಿಗೆ ಎಪ್ಪತ್ತರ ಸುಮಾರು. ಹಲಸೂರು, ಆಸ್ಟಿನ್ ಟೌನ್, ದೂರವಾಣಿನಗರದ ಮನೆಗಳಲ್ಲಿ ಅವರು ಇದ್ದಾರೆ. ಅವರ ಬಳಿ ಹೋಗಿ, ಕೂತು, ಕೇಳಿ ಬರೆದುಕೊಳ್ಳುವ ಕೆಲಸ ಈ ಹತ್ತು ವರ್ಷದೊಳಗೆ ಆಗಬೇಕು.